ಗರಡಿಯ ನೀರು, ಅರವಟ್ಟಿಗೆಯ ನೀರು

ವಿಜಯನಗರವು ತನ್ನ ವೈಭವದ ಶಿಖರದಲ್ಲಿದ್ದ ಕಾಲದಲ್ಲಿ, ಎಂದರೆ 1520ರ ಆಸುಪಾಸಿನಲ್ಲಿ, ಆ ಮಹಾನಗರವನ್ನು ಕಣ್ಣಾರೆ ಕಂಡು ತನ್ನ ನಾಡಿನವರಿಗಾಗಿ ಅದರ ವೃತ್ತಾಂತವನ್ನು ಬರೆದಿಟ್ಟ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಕೃಷ್ಣದೇವರಾಯನ ಪ್ರಾತಃಕಾಲದ ದಿನಚರಿಯನ್ನು ವರ್ಣಿಸುವಾಗ ವಿಚಿತ್ರವಾದ ಸಂಗತಿಯೊಂದನ್ನು ಹೇಳುತ್ತಾನೆ. ಬೆಳಕು ಹರಿಯುವುದಕ್ಕೆ ಮೊದಲೇ ಏಳುತ್ತಿದ್ದ ಆ ಅರಸನು ಮುಕ್ಕಾಲು ಪಿಂಟಿನಷ್ಟು, ಈಗಿನ ಲೆಕ್ಕದಲ್ಲಿ ಅರ್ಧ ಲೀಟರಿಗೆ ತುಸು ಕಡಿಮೆಯಾಗುವಷ್ಟು, ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ತಿಕ್ಕಿಸಿಕೊಂಡು, ಸೊಂಟಕ್ಕೆ ಚಿಕ್ಕದೊಂದು ವಸ್ತ್ರವನ್ನು ಬಿಗಿದು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಕತ್ತಿಯನ್ನು ಬೀಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಶ್ರಮಿಸಿ, ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಸೆಣಸಿ, ಕುದುರೆಯನ್ನೇರಿ ಬಯಲಿನಲ್ಲಿ ಅತ್ತಿತ್ತ ಓಡಿಸಿ, ಬೆಳಗಾದ ಮೇಲೆ ಸ್ನಾನಕ್ಕೆ ಹೋಗುತ್ತಿದ್ದನಂತೆ. ಹೊಟ್ಟೆಗೆ ಹೋದ ಎಣ್ಣೆಯು ಚರ್ಮದ ರಂಧ್ರಗಳಿಂದ ಹೊರಬರುವುದಿಲ್ಲವೆಂದು ಇಂದಿನ ಶಾಲಾಬಾಲಕನೂ ಹೇಳಿಯಾನು. ಪೇಸನು ಕಂಡದ್ದು ಮೈಗೆ ಹಚ್ಚಿದ ಎಣ್ಣೆಯು ಬೆವರಿನೊಡನೆ ಇಳಿಯುತ್ತಿದ್ದುದನ್ನೇ ಇರಬೇಕು. ಅದೇನೇ ಇರಲಿ, ವ್ಯಾಯಾಮಕ್ಕೆ ಮುನ್ನ ದೊರೆ ಏನನ್ನು ಕುಡಿದನೆಂಬುದನ್ನು ಅಳತೆಯ ಸಹಿತ ದಾಖಲಿಸಿದ ಆ ವಿದೇಶೀಯನು, ವ್ಯಾಯಾಮದ ತರುವಾಯ ಏನನ್ನು ಕುಡಿದನೆಂಬುದರ ವಿಷಯದಲ್ಲಿ ಒಂದು ಮಾತನ್ನೂ ಆಡದೆ, ನೇರವಾಗಿ ಅವನನ್ನು ಸ್ನಾನಗೃಹಕ್ಕೂ ದೇವರ ಪೂಜೆಗೂ ಕಳುಹಿಸಿಬಿಡುತ್ತಾನೆ.

ಈ ಮೌನವು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಶರೀರವನ್ನು ಬಲಪಡಿಸುವುದಕ್ಕಾಗಿ ಬೆವರು ಸುರಿಸಿದವನ ದಾಹವನ್ನು ಒಂದು ಬಗೆಯಾಗಿಯೂ, ಹೊಟ್ಟೆಯ ಪಾಡಿಗಾಗಿಯೋ ಯಾತ್ರೆಗಾಗಿಯೋ ಬೆವರು ಸುರಿಸಿದವನ ದಾಹವನ್ನು ಮತ್ತೊಂದು ಬಗೆಯಾಗಿಯೂ ನೋಡುವ ಪದ್ಧತಿಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿತು. ಮೊದಲನೆಯದಕ್ಕೆ ಗರಡಿಮನೆಯು ನೆಲೆ. ಎರಡನೆಯದಕ್ಕೆ ದಾರಿಯ ಬದಿಯ ಅರವಟ್ಟಿಗೆಯು ನೆಲೆ. ಗರಡಿಯಲ್ಲಿ ಬಾಯಾರಿಕೆಯು ಅಡಗಿಸಿಕೊಳ್ಳತಕ್ಕ ಒಂದು ದೌರ್ಬಲ್ಯವಾಗಿದ್ದಿತು. ಅರವಟ್ಟಿಗೆಯಲ್ಲಾದರೋ ಅದು ಅಪರಿಚಿತನೊಬ್ಬನು ಊರಿನ ಮೇಲೆ ಹೂಡಬಹುದಾದ ಹಕ್ಕಾಗಿದ್ದಿತು. ಶ್ರಮದ ತರುವಾಯ ಏನನ್ನು, ಎಷ್ಟನ್ನು, ಯಾವಾಗ ಕುಡಿಯಬೇಕೆಂಬ ಪ್ರಶ್ನೆಗೆ ಈ ಎರಡು ನೆಲೆಗಳೂ ಕೊಟ್ಟ ಉತ್ತರಗಳು ಬೇರೆಬೇರೆಯಾದುವು.

ಗರಡಿಯ ಪಕ್ಷಕ್ಕೆ ಶಾಸ್ತ್ರದ ಬೆಂಬಲವಿದ್ದಿತು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಬಲಶಾಲಿಗಳೂ ಸ್ನಿಗ್ಧಾಹಾರವನ್ನು ಸೇವಿಸುವವರೂ ಆದವರು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರವೇ ವ್ಯಾಯಾಮ ಮಾಡತಕ್ಕದ್ದೆಂದೂ, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಮಂದವಾಗಿ ಮಾಡತಕ್ಕದ್ದೆಂದೂ ವಿಧಿಸಿ, ಅತಿವ್ಯಾಯಾಮದಿಂದ ಹುಟ್ಟುವ ವ್ಯಾಧಿಗಳ ಪಟ್ಟಿಯನ್ನು ಕೊಡುವಾಗ ಮೊಟ್ಟಮೊದಲಿಗೆ ಹೆಸರಿಸುವುದು ತೃಷ್ಣೆಯನ್ನೇ. ಕ್ಷಯ, ಶ್ವಾಸ, ರಕ್ತಪಿತ್ತ, ಕೆಮ್ಮು, ಜ್ವರ, ವಾಂತಿಗಳೆಲ್ಲ ಅದರ ಹಿಂದೆ ಬರುತ್ತವೆ. ಎಂದಮೇಲೆ, ಸಾಮು ಮಾಡಿದವನಿಗೆ ಕಂಠವು ಒಣಗಿದರೆ ಅವನು ತನ್ನ ಮಿತಿಯನ್ನು ದಾಟಿದನೆಂದೇ ಶಾಸ್ತ್ರದ ಅರ್ಥ. ನೀರನ್ನು ಕುಡಿಸಿ ಪರಿಹರಿಸುವುದಕ್ಕಿಂತ ಮೊದಲೇ ವ್ಯಾಯಾಮವನ್ನು ನಿಲ್ಲಿಸಿ ಪರಿಹರಿಸುವುದು ಆ ವೈದ್ಯರ ಇಷ್ಟ. ಆದರೂ ದಣಿದವನನ್ನು ಅವರು ಕೈಬಿಟ್ಟವರಲ್ಲ. ಚರಕಸಂಹಿತೆಯಲ್ಲಿ ಹತ್ತುಹತ್ತು ದ್ರವ್ಯಗಳನ್ನು ಒಂದೊಂದು ಗಣವಾಗಿ ವಿಂಗಡಿಸಿರುವ ಪ್ರಕರಣವೊಂದುಂಟು. ಅದರಲ್ಲಿ ಶ್ರಮಹರಗಳೆಂಬ ಗಣಕ್ಕೆ ಸೇರಿದ ಹತ್ತು ಯಾವುವೆಂದರೆ ದ್ರಾಕ್ಷಿ, ಖರ್ಜೂರ, ಚಾರೋಳಿ, ಬೋರೆ, ದಾಳಿಂಬೆ, ಅಂಜೂರ, ಫಾಲ್ಸಾ, ಕಬ್ಬು, ಜವೆಗೋಧಿ ಮತ್ತು ಅರವತ್ತು ದಿನಕ್ಕೆ ಕೊಯ್ಲಿಗೆ ಬರುವ ಷಷ್ಟಿಕವೆಂಬ ಅಕ್ಕಿ. ಹಣ್ಣು, ಕಬ್ಬು, ಧಾನ್ಯ: ಹತ್ತಕ್ಕೆ ಹತ್ತೂ ಸಕ್ಕರೆ ಅಥವಾ ಪಿಷ್ಟವುಳ್ಳವು. ಬೇರು ತೊಗಟೆಗಳನ್ನು ಅರೆಯುವುದರಲ್ಲಿ ಅಷ್ಟೊಂದು ಆಸಕ್ತರಾದ ವೈದ್ಯರು ದಣಿವಿನ ಎದುರಿಗೆ ಬಂದಾಗ ಮಾತ್ರ ಕಹಿಯನ್ನೂ ಒಗರನ್ನೂ ಪಕ್ಕಕ್ಕಿಟ್ಟು ಸಿಹಿಯ ಕಡೆಗೆ ತಿರುಗಿದ್ದು ಅವರ ಅನುಭವದ ಪ್ರಾಮಾಣ್ಯಕ್ಕೆ ಸಾಕ್ಷಿಯೆಂದು ಭಾವಿಸಬಹುದು. ಆ ಪಟ್ಟಿಯಲ್ಲಿ ಇಲ್ಲದಿರುವುದು ಒಂದೇ, ಉಪ್ಪು. ಅದರ ವಿಚಾರ ಮುಂದೆ ಬರುತ್ತದೆ.

ಕನ್ನಡನಾಡಿನ ಅರಸರಲ್ಲಿ ಈ ವಿಷಯವನ್ನು ಕುರಿತು ಅತ್ಯಂತ ಸಾವಧಾನವಾಗಿ ಬರೆದವನು ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು. 1126ರಿಂದ 1138ರವರೆಗೆ ಆಳಿದ ಈ ದೊರೆಯು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೊಂದು ಪ್ರಕರಣವೂ, ಕುಡಿಯುವ ನೀರು ಮತ್ತು ಪಾನಕಗಳಿಗೊಂದು ಪ್ರಕರಣವೂ ಉಂಟು. ಮಲ್ಲರನ್ನು ವಯಸ್ಸು ಬಲಗಳಿಗೆ ಅನುಸಾರವಾಗಿ ವರ್ಗೀಕರಿಸಿ, ಭಾರವೆತ್ತುವುದು, ಮುಂಜಾವದಲ್ಲಿ ದೂರ ನಡೆಯುವುದು, ಕಂಠಮಟ್ಟದ ನೀರಿನಲ್ಲಿ ಈಜುವುದು, ಕಂಬವನ್ನು ತಬ್ಬಿ ಹತ್ತಿಳಿಯುವುದು ಮುಂತಾದ ಶ್ರಮಗಳನ್ನು ಅವರಿಗೆ ನಿಯಮಿಸಿ, ಹಾಲು, ತುಪ್ಪ, ಮಾಂಸ, ಉದ್ದು ಇವೇ ಮೊದಲಾದ ಪುಷ್ಟಿಕರವಾದ ಆಹಾರವನ್ನು ರಾಜನ ವೆಚ್ಚದಲ್ಲಿ ಒದಗಿಸತಕ್ಕದ್ದೆಂದು ಸೋಮೇಶ್ವರನು ಹೇಳುತ್ತಾನೆ. ನೀರಿನ ಪ್ರಕರಣಕ್ಕೆ ಬಂದರೆ ಅವನ ರಸಿಕತೆಯು ಬೇರೊಂದು ತೆರನಾಗಿ ಅರಳುವುದನ್ನು ಕಾಣಬಹುದು: ಮಳೆಯ ನೀರು, ಹೊಳೆಯ ನೀರು, ಝರಿಯ ನೀರು, ಸರೋವರದ ನೀರು, ಬಾವಿಯ ನೀರು ಎಂದು ಮೂಲವನ್ನನುಸರಿಸಿ ನೀರನ್ನು ವಿಂಗಡಿಸಿ, ಇಂಥ ಋತುವಿನಲ್ಲಿ ಇಂಥದೇ ನೀರು ಹಿತವೆಂದು ನಿರ್ಣಯಿಸಿ, ಅದನ್ನು ಹೂವುಗಳಿಂದಲೂ ಪರಿಮಳದ್ರವ್ಯಗಳಿಂದಲೂ ವಾಸನೆಗೊಳಿಸುವ ಕ್ರಮವನ್ನು ವಿವರಿಸುತ್ತಾನೆ. ಆದರೆ ನೋಡಿ, ಪರಿಮಳದ ನೀರು ದೊರೆಯ ಭೋಗಕ್ಕೆ ಸೇರಿತು, ಹಾಲು ತುಪ್ಪಗಳು ಮಲ್ಲನ ಪೋಷಣೆಗೆ ಸೇರಿದುವು. ಒಂದೇ ಗ್ರಂಥದ ಎರಡು ಪ್ರಕರಣಗಳು ಪರಸ್ಪರ ಮಾತಾಡುವುದೇ ಇಲ್ಲ.

ಪಾನಕಗಳ ವಿಷಯವನ್ನು ಕನ್ನಡದಲ್ಲಿಯೇ ಕೇಳಬೇಕೆಂಬವರು ಕಲ್ಲಹಳ್ಳಿಯ ಮೂರನೆಯ ಮಂಗರಸನ ಬಳಿಗೆ ಹೋಗಬೇಕು. ಹದಿನಾರನೆಯ ಶತಮಾನದ ಆದಿಯಲ್ಲಿ ಬಾಳಿದ ಈ ಜೈನ ಪ್ರಭುವು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಸೂಪಶಾಸ್ತ್ರದಲ್ಲಿ, ಭಕ್ಷ್ಯಗಳ ಅಧ್ಯಾಯವು ಮುಗಿದೊಡನೆಯೇ ಒಂದು ಪೂರ್ಣ ಅಧ್ಯಾಯವನ್ನು ಪಾನಕಗಳಿಗೆ ಮೀಸಲಾಗಿಟ್ಟಿದ್ದಾನೆ. ಅಡುಗೆಯನ್ನು ಷಟ್ಪದಿಗಿಳಿಸುವ ಧೈರ್ಯವು ಎಲ್ಲ ಕವಿಗಳಿಗೂ ಬರುವಂಥದಲ್ಲ. ಅವನಿಗೂ ಐದುನೂರು ವರ್ಷ ಹಿಂದೆ, 1025ರ ಸುಮಾರಿನಲ್ಲಿ, ಚಾವುಂಡರಾಯನೆಂಬವನು ಬರೆದ ಲೋಕೋಪಕಾರವು ಅಡುಗೆಯನ್ನು ಮಾತ್ರವಲ್ಲದೆ ನೆಲದಡಿಯ ನೀರಿನ ಸೆಲೆಯನ್ನು ಕಂಡುಹಿಡಿಯುವ ಉದಕಾರ್ಗಳವನ್ನೂ ಬೋಧಿಸುತ್ತದೆ. ಮಳೆ ಕಡಿಮೆಯಾದ ಬಯಲುಸೀಮೆಯ ಜನಕ್ಕೆ ಪಾನಕದ ರುಚಿಗಿಂತ ಮೊದಲು ಬೇಕಾದದ್ದು ಸೆಲೆಯ ಗುರುತೇ ತಾನೆ!

ಗರಡಿಯೊಳಕ್ಕೆ ಈಗ ಕಾಲಿಡೋಣ. ಗೋವಿಂದವೈದ್ಯನು 1648ರಲ್ಲಿ ಮುಗಿಸಿದ ಕಂಠೀರವ ನರಸರಾಜ ವಿಜಯವು ಶ್ರೀರಂಗಪಟ್ಟಣದ ಮಹಾನವಮಿಯನ್ನು ವರ್ಣಿಸುತ್ತ ಜಟ್ಟಿಗಳ ಕಾಳಗವನ್ನು ನಮ್ಮ ಕಣ್ಮುಂದೆ ತರುತ್ತದೆ. ಆ ಕಾವ್ಯದ ನಾಯಕನಾದ ಅರಸನೇ ಸ್ವತಃ ಮಲ್ಲವಿದ್ಯೆಯಲ್ಲಿ ನಿಪುಣನೆಂದು ಹೆಸರಾದವನು. ಮೈಸೂರಿನ ಬೀದಿಬೀದಿಗಳಲ್ಲಿ ಗರಡಿಮನೆಗಳು ತಲೆಯೆತ್ತಿದ್ದು, ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗವು ಮೊದಲ ರಕ್ತಬಿಂದುವಿನೊಡನೆ ಮುಗಿಯುವ ಸಂಪ್ರದಾಯವು ನೆಲೆಗೊಂಡಿದ್ದು ಇವೆಲ್ಲ ಆ ರಾಜಾಶ್ರಯದ ಫಲವೆಂದೇ ಹೇಳಬೇಕು. ತಗ್ಗಾದ ಬಾಗಿಲು, ಒಳಗೆ ಆಂಜನೇಯನ ಪಟ, ಕಲ್ಲುಗುಂಡು, ಗದೆ, ಕರೆಲ, ನಡುವೆ ಕೆಮ್ಮಣ್ಣಿನ ಮಟ್ಟಿ; ಈ ಮಟ್ಟಿಯ ಮಣ್ಣನ್ನು ಜರಡಿ ಹಿಡಿದು ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆಗಳನ್ನು ಬೆರೆಸಿ ಹದಗೊಳಿಸುವುದು ವಾಡಿಕೆ. ಗರಡಿಯಲ್ಲಿ ಮಜ್ಜಿಗೆಯ ಮೊದಲ ಪಾಲು ಮಣ್ಣಿಗೆ, ಮಿಕ್ಕದ್ದು ಮನುಷ್ಯನಿಗೆ ಎಂದು ಯಾರಾದರೂ ನಕ್ಕರೆ ಅದರಲ್ಲಿ ಅಸತ್ಯವೇನೂ ಇಲ್ಲ.

ದಂಡ, ಬಸ್ಕಿಗಳನ್ನು ನೂರುಗಟ್ಟಲೆ ತೆಗೆದು, ಮಟ್ಟಿಯಲ್ಲಿ ಹೊರಳಿ, ಮೈಯೆಲ್ಲ ಕೆಂಪಾಗಿ ಹೊರಬಂದ ಹುಡುಗನು ತಕ್ಷಣವೇ ಕೊಡದ ಕಡೆಗೆ ಕೈ ಚಾಚಿದರೆ ಉಸ್ತಾದನ ಗದರಿಕೆಯು ತಪ್ಪಿದ್ದಲ್ಲ. “ಬೆವರು ಆರಲಿ ಇರೋ” ಎಂಬುದು ಗರಡಿಯ ಸಾರ್ವಕಾಲಿಕ ಶಾಸನ. ಮಣ್ಣನ್ನು ಮೈಗೆ ತಿಕ್ಕಿಕೊಂಡು ಬೆವರನ್ನು ಹಿಂಗಿಸಿ, ಉಸಿರು ಸಮಸ್ಥಿತಿಗೆ ಬರುವವರೆಗೆ ಕುಳಿತಿದ್ದು, ಅನಂತರವೇ ಒಂದೆರಡು ಗುಟುಕು ನೀರು. ಅದೂ ಆದಮೇಲೆ, ಮನೆಯಲ್ಲಿ ಅನುಕೂಲವಿದ್ದವನಿಗೆ ನೆನೆಸಿದ ಬಾದಾಮಿ ಗಸಗಸೆಗಳನ್ನು ನುಣ್ಣಗೆ ಅರೆದು ಕಲಸಿದ ಹಾಲು, ಧಾರವಾಡ ಬೆಳಗಾವಿಗಳ ಕಡೆಗಾದರೆ ಅದಕ್ಕೆ ಸೋಂಪು ಮೆಣಸು ಏಲಕ್ಕಿಗಳೂ ಸೇರಿದ ಥಂಡಾಯಿ, ಅನುಕೂಲವಿಲ್ಲದವನಿಗೆ ರಾಗಿಯ ಗಂಜಿ. ಇಲ್ಲಿ ಪಾನೀಯವು ದಾಹಶಮನಕ್ಕಾಗಿ ಇದ್ದುದಲ್ಲ, ಮೈ ಕಟ್ಟುವುದಕ್ಕಾಗಿ ಇದ್ದುದು. ಆದುದರಿಂದಲೇ ಪೈಲ್ವಾನನ ಹಾಲಿನ ಸೇರುಗಳನ್ನು ಊರೆಲ್ಲ ಎಣಿಸುತ್ತಿದ್ದರೂ ಅವನು ಕುಡಿದ ನೀರಿನ ಲೆಕ್ಕವನ್ನು ಯಾರೂ ಇಡಲಿಲ್ಲ. ಬೆವರಿನ ಮೈಯಲ್ಲಿ ತಣ್ಣೀರು ಕುಡಿದರೆ ಶೀತವಾಗುವುದೆಂಬ, ಮೈಯ ಬಿಗಿ ಸಡಿಲುವುದೆಂಬ ನಂಬಿಕೆಗಳಿಗೆ ಆಧಾರವು ಅಲ್ಪವೇ ಸರಿ. ಆದರೆ ಏದುಸಿರಿನ ನಡುವೆ ಗಟಗಟನೆ ಕುಡಿದರೆ ಹೊಟ್ಟೆ ಹಿಡಿದುಕೊಳ್ಳುವುದು ಅನುಭವಕ್ಕೆ ಬಂದ ವಿಷಯ. ಸ್ವಲ್ಪ ತಡೆದು, ಸ್ವಲ್ಪ ಸ್ವಲ್ಪವಾಗಿ ಕುಡಿ ಎಂಬಷ್ಟರಮಟ್ಟಿಗೆ ಉಸ್ತಾದನ ಮಾತು ನಿಲ್ಲತಕ್ಕದ್ದೇ.

ಅರವಟ್ಟಿಗೆಯ ಇತಿಹಾಸವು ಇದಕ್ಕಿಂತಲೂ ದೀರ್ಘವಾದದ್ದು, ಹಾಗೂ ನನ್ನ ಅಭಿರುಚಿಗೆ ಇದಕ್ಕಿಂತಲೂ ಪ್ರಿಯವಾದದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ, ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಮಾವಿನ ತೋಪುಗಳನ್ನು ಬೆಳೆಸಿದುದನ್ನೂ, ಬಾವಿಗಳನ್ನು ತೋಡಿಸಿದುದನ್ನೂ ಹೇಳಿಕೊಂಡು, ಮನುಷ್ಯರ ಮತ್ತು ಪಶುಗಳ ಉಪಯೋಗಕ್ಕಾಗಿ ಅಲ್ಲಲ್ಲಿ ನೀರು ಕುಡಿಯುವ ಎಡೆಗಳನ್ನು ಏರ್ಪಡಿಸಿದುದನ್ನೂ ಸೇರಿಸುತ್ತಾನೆ. ಸಾತವಾಹನ ದೊರೆ ಹಾಲನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಾಕೃತ ಗಾಥೆಗಳ ಸಂಕಲನದಲ್ಲಿ ನೀರೆರೆಯುವ ತರುಣಿಯ ಮುಂದೆ ಬೊಗಸೆಯೊಡ್ಡಿದ ಪಥಿಕನ ಚಿತ್ರವೊಂದುಂಟು: ಅವಳ ಮುಖವನ್ನು ಇನ್ನಷ್ಟು ಹೊತ್ತು ನೋಡಬೇಕೆಂದು ಅವನು ಬೆರಳುಗಳನ್ನು ಸಡಿಲಿಸಿ ನೀರನ್ನು ಸೋರಗೊಡುತ್ತಾನೆ, ಅವಳೂ ಅದನ್ನರಿತು ಧಾರೆಯನ್ನು ತೆಳುವಾಗಿಸುತ್ತಾಳೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ಈ ಚೇಷ್ಟೆಯನ್ನು ಶರೀರಶಾಸ್ತ್ರದ ಕಣ್ಣಿನಿಂದ ನೋಡುವುದು ಅರಸಿಕತನವೇ ಆದರೂ ಹೇಳಿಬಿಡುತ್ತೇನೆ: ಬಿಸಿಲಿನಲ್ಲಿ ನಡೆದು ಬಂದವನು ನೀರನ್ನು ಕುಡಿಯಬೇಕಾದ ವೇಗವು ಸರಿಯಾಗಿ ಅದೇ.

ನಮ್ಮ ಶಿಲಾಶಾಸನಗಳಲ್ಲಿ ಕೆರೆ, ಬಾವಿ, ದೇಗುಲ, ಸತ್ರಗಳ ಜೊತೆಜೊತೆಗೆ ಅರವಟ್ಟಿಗೆಗೂ ಭೂಮಿಯನ್ನು ಬಿಟ್ಟ ದಾನಗಳು ಕಾಣಬರುತ್ತವೆ. ನೀರೆರೆಯುವುದಕ್ಕೆ ಭೂಮಿಯೇಕೆ ಬೇಕೆಂದು ಕೇಳುವವರು ಅದರ ವೆಚ್ಚವನ್ನು ಆಲೋಚಿಸಿದವರಲ್ಲ. ಶಿವರಾತ್ರಿಯಿಂದಲೋ ಯುಗಾದಿಯಿಂದಲೋ ಆರಂಭವಾಗಿ ಮೃಗಶಿರದ ಮಳೆ ಬೀಳುವವರೆಗೆ ತೆಂಗಿನ ಗರಿಯ ಚಪ್ಪರ, ಅದರಡಿಯಲ್ಲಿ ನೆನೆಸಿದ ಮರಳಿನ ದಿಣ್ಣೆ, ದಿಣ್ಣೆಯ ಮೇಲೆ ಸಾಲಾಗಿ ಮಣ್ಣಿನ ಹರವಿಗಳು, ಅವುಗಳೊಳಗೆ ಲಾವಂಚದ ಕಟ್ಟು. ದೂರದ ಬಾವಿಯಿಂದ ದಿನವೂ ನೀರು ಹೊರುವವನಿಗೆ ಕೂಲಿ, ಎರೆಯುವವನಿಗೆ ಜೀವಿತ, ಒಡೆದ ಮಡಕೆಗೆ ಬದಲಿ ಮಡಕೆ, ಮಜ್ಜಿಗೆಗೆ ಹೈನು, ಪಾನಕಕ್ಕೆ ಬೆಲ್ಲ. ಮಣ್ಣಿನ ಮೈಯಿಂದ ಒಸರುವ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಸೆಳೆದುಕೊಂಡುಹೋಗುವುದರಿಂದ, ಗಾಳಿ ಒಣಗಿದಷ್ಟೂ ಹರವಿಯ ನೀರು ತಂಪಾಗುವುದು. ಕಲಬುರಗಿ ರಾಯಚೂರುಗಳ ಬೆಂಕಿಯಂಥ ಬಿಸಿಲಿನಲ್ಲಿಯೇ ಅದು ತನ್ನ ಪೂರ್ಣ ಗುಣವನ್ನು ತೋರುವುದೂ, ಮಂಗಳೂರಿನ ಜಿಗುಟುಸೆಕೆಯಲ್ಲಿ ಮಂಕಾಗುವುದೂ ಇದೇ ಕಾರಣದಿಂದ. ತಲೆಹೊರೆಯವರು ಯಾರ ನೆರವೂ ಇಲ್ಲದೆ ಭಾರವನ್ನಿಳಿಸಿ ಮತ್ತೆ ಹೊರುವುದಕ್ಕೆಂದು ಎರಡು ಕಂಬಗಳ ಮೇಲೆ ಆಳೆತ್ತರಕ್ಕೆ ಅಡ್ಡಚಪ್ಪಡಿಯಿಟ್ಟ ಕಲ್ಲುಗಳನ್ನು ಹಳೆಯ ದಾರಿಗಳಲ್ಲಿ ನಾವು ಇಂದಿಗೂ ಕಾಣುತ್ತೇವೆ. ಅಂಥ ಕಲ್ಲು, ಒಂದು ಮರದ ನೆರಳು, ಒಂದು ಅರವಟ್ಟಿಗೆ, ದನಗಳಿಗೊಂದು ಕಲ್ಲಿನ ತೊಟ್ಟಿ ಇಷ್ಟು ಒಂದೆಡೆ ಕೂಡಿದರೆ, ಮೋಟಾರು ಬರುವುದಕ್ಕೆ ಮೊದಲಿನ ದಾರಿಯವನಿಗೆ ಬೇಕಾದುದೆಲ್ಲವೂ ಒದಗಿದಂತಾಯಿತು.

ಎಲ್ಲರಿಗೂ ಎಂದು ಬರೆಯುವುದಕ್ಕೆ ಮಾತ್ರ ಲೇಖನಿಯು ಹಿಂಜರಿಯುತ್ತದೆ. ನೀರನ್ನೆರೆಯುವವನು ಯಾವ ಜಾತಿಯವನಾಗಿರಬೇಕು, ಯಾರ ಕೈಯಿಂದ ಎರೆದರೆ ಬಹುಮಂದಿ ಕುಡಿದಾರು ಎಂಬ ಎಣಿಕೆಯು ಈ ಧರ್ಮಕಾರ್ಯದ ಒಳಗೇ ಹೊಕ್ಕಿದ್ದಿತು. ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟವರಿಗೆ ಬಿದಿರಿನ ಸೀಳಿನ ಮೂಲಕ ಮಾರುದೂರದಿಂದ ನೀರು ಹರಿದುಬರುತ್ತಿದ್ದಿತು, ಅಥವಾ ಬರುತ್ತಲೇ ಇರಲಿಲ್ಲ. ಹೊಲಗದ್ದೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದವರೇ ಹೀಗೆ ಎಲ್ಲರಿಗಿಂತ ಕಡೆಗೆ ಬಾಯಿ ತಣಿಸಿಕೊಳ್ಳಬೇಕಾಗಿದ್ದಿತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಡಾಕ್ಟರ್ ಅಂಬೇಡ್ಕರರು ಬೊಗಸೆ ನೀರು ಕುಡಿದುದನ್ನು ನಮ್ಮ ಪಾನೀಯಗಳ ಇತಿಹಾಸವನ್ನು ಬರೆಯುವವನು ಬಿಟ್ಟುಹೋಗುವುದಾದರೆ ಆ ಇತಿಹಾಸಕ್ಕೆ ಬೆಲೆಯಿಲ್ಲ.

ದಾರಿಯ ಹಾಗೂ ಹೊಲದ ದಾಹಕ್ಕೆ ನಾಡಿನ ಒಂದೊಂದು ಭಾಗವೂ ತನ್ನದೇ ಪಾನೀಯವನ್ನು ಆರಿಸಿಕೊಂಡಿದ್ದಿತು. ಮಲೆನಾಡು ಕರಾವಳಿಗಳ ಮನೆಗಳಲ್ಲಿ ಬಿಸಿಲಿನಿಂದ ಬಂದವನಿಗೆ ಜಗುಲಿಯಲ್ಲಿ ಕುಳಿತೊಡನೆಯೇ ತಟ್ಟೆಯಲ್ಲಿ ಬೆಲ್ಲದ ಚೂರು, ತಂಬಿಗೆಯಲ್ಲಿ ನೀರು ಬರುತ್ತಿದ್ದುವು, ಕುಶಲಪ್ರಶ್ನೆಗಿಂತ ಮೊದಲು “ಆಸರಿಗೆ ಏನಾಗಬೇಕು?” ಎಂಬ ಪ್ರಶ್ನೆ. ಮಜ್ಜಿಗೆಯೇ, ಪುನರ್ಪುಳಿಯ ಶರಬತ್ತೇ, ಎಳನೀರೇ ಎಂಬ ಆಯ್ಕೆಯು ದಣಿದು ಬಂದವನದು, ಆತಿಥೇಯನದಲ್ಲ. ಬೆಲ್ಲವನ್ನು ಮೊದಲು ಕಡಿಯುವುದರಿಂದ, ಆತುರದಿಂದ ನೀರನ್ನು ಸುರಿದುಕೊಳ್ಳದೆ ತಡೆದು ಕುಡಿಯುವಂತಾಗುವುದೆಂದು ಹಿರಿಯರು ಕಾರಣ ಹೇಳುತ್ತಿದ್ದರು. ಮೈದಾನದ ಸೀಮೆಗಳಲ್ಲಿ ಉಳುವವನಿಗೂ ಕಳೆ ಕೀಳುವವಳಿಗೂ ಹೊತ್ತೇರಿದ ಮೇಲೆ ರಾಗಿಯ ಅಥವಾ ಜೋಳದ ಅಂಬಲಿ ಬರುತ್ತಿದ್ದಿತು. ಹಿಂದಿನ ರಾತ್ರಿ ಕಾಯಿಸಿಟ್ಟದ್ದಕ್ಕೆ ಮಜ್ಜಿಗೆ ಹುಯ್ದು, ಉಪ್ಪು ಹಾಕಿ ಕದಡಿ, ಜೊತೆಗೊಂದು ಈರುಳ್ಳಿ. ನೀರನ್ನಾದರೋ ಸೋರೆಬುರುಡೆಯಲ್ಲಿ ತುಂಬಿ ಮರದ ಕೊಂಬೆಗೆ ತೂಗುಬಿಡುತ್ತಿದ್ದರು. ಊರಿನೊಳಗೆ ರಾಮನವಮಿಯಂದು ಬೇಲದ ಹಣ್ಣಿನ, ಕರಬೂಜದ, ನಿಂಬೆಯ ಪಾನಕಗಳು, ಒಣಶುಂಠಿ ಮೆಣಸು ಏಲಕ್ಕಿಗಳ ಘಮಲಿನೊಡನೆ, ನೀರುಮಜ್ಜಿಗೆ ಕೋಸಂಬರಿಗಳ ಸಂಗಡ ಹಂಚಲ್ಪಡುತ್ತಿದ್ದುವು. ಚೈತ್ರದ ಬಿಸಿಲಿನಲ್ಲಿ ಹುಟ್ಟಿದ ದೇವರಿಗೆ ನೈವೇದ್ಯವನ್ನು ಆರಿಸಿದವರು ಪಂಚಾಂಗವನ್ನೂ ಹವೆಯನ್ನೂ ಒಟ್ಟಿಗೆ ನೋಡಿದವರೆಂಬುದರಲ್ಲಿ ಸಂಶಯವಿಲ್ಲ.

ಈ ಎಲ್ಲ ಪಾನೀಯಗಳ ನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ ಹಾಗೂ ಅಂಬಲಿಗಳಿಗೆ ನಾನು ಅಗ್ರಸ್ಥಾನವನ್ನು ಕೊಡುತ್ತೇನೆ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಕೊಂಚ ಹೊತ್ತು ಹೊರದೇಶಗಳ ಕಡೆ ಹೊರಳಬೇಕು. ಪಾಶ್ಚಾತ್ಯರ ಕ್ರೀಡಾಂಗಣವೂ ಬಹುಕಾಲ ನಮ್ಮ ಗರಡಿಯ ಮತಕ್ಕೇ ಸೇರಿದ್ದಿತು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್ ಓಟದಲ್ಲಿ, ಧೂಳು ಬಿಸಿಲುಗಳ ನಡುವೆ ಓಟಗಾರರಿಗೆ ಹೆಚ್ಚು ನೀರು ಸಿಗದಂತೆ ವ್ಯವಸ್ಥಾಪಕರು ಬೇಕೆಂದೇ ಏರ್ಪಾಡು ಮಾಡಿದ್ದರು. ಹೊರಟ 32 ಮಂದಿಯಲ್ಲಿ ಗುರಿ ಮುಟ್ಟಿದವರು 14 ಮಂದಿ. ಗೆದ್ದ ಥಾಮಸ್ ಹಿಕ್ಸನು ದಾರಿಯಲ್ಲಿ ಬೇಡಿದರೂ ನೀರು ಕೊಡದೆ, ಅವನ ಸಹಾಯಕರು ಸ್ಟ್ರಿಕ್‌ನೈನ್ ಎಂಬ ವಿಷವನ್ನು ಮೊಟ್ಟೆಯ ಬಿಳಿಲೋಳೆಯಲ್ಲಿ ಬೆರೆಸಿ, ಬ್ರಾಂದಿಯ ಸಹಿತ ಕುಡಿಸಿ ಅವನನ್ನು ಓಡಿಸಿದರು. ನಮ್ಮ ಯಾವ ಉಸ್ತಾದನೂ ಇಷ್ಟು ದೂರ ಹೋದವನಲ್ಲ. 1950ರ ದಶಕದಲ್ಲಿಯೂ ಅಂತರರಾಷ್ಟ್ರೀಯ ನಿಯಮಗಳು ಮ್ಯಾರಥಾನ್ ಓಟಗಾರನಿಗೆ ಮೊದಲ 15 ಕಿಲೋಮೀಟರು ಮುಗಿಯುವವರೆಗೆ ಪಾನೀಯವನ್ನು ಕೊಡಗೊಡುತ್ತಿರಲಿಲ್ಲ.

ಕ್ರೀಡೆಯು ಹೀಗೆ ಕುರುಡಾಗಿದ್ದಾಗ ಬೆಳಕು ಬಂದದ್ದು ಕೂಲಿಯವರ ಕಡೆಯಿಂದ. ಇಂಗ್ಲೆಂಡಿನ ಆಳವಾದ ಕಲ್ಲಿದ್ದಲ ಗಣಿಗಳಲ್ಲಿ ಬಿಸಿಗಾಳಿಯ ನಡುವೆ ದುಡಿಯುತ್ತ, ಬೆವರು ಸುರಿಸುತ್ತ, ಬರಿಯ ನೀರನ್ನು ಹೇರಳವಾಗಿ ಕುಡಿಯುತ್ತಿದ್ದ ಆಳುಗಳಿಗೆ ಸ್ನಾಯುಗಳು ಭಯಂಕರವಾಗಿ ಹಿಡಿದುಕೊಳ್ಳುತ್ತಿದ್ದುದನ್ನು ಪರಿಶೀಲಿಸಿದ ಕೆ. ನೆವಿಲ್ ಮಾಸ್ ಎಂಬ ವಿಜ್ಞಾನಿಯು, ಅವರ ನೀರಿಗೆ ಸ್ವಲ್ಪ ಉಪ್ಪು ಸೇರಿಸಿದರೆ ಆ ಸೆಳವು ತಪ್ಪುವುದೆಂದು 1923ರಲ್ಲಿ ಪ್ರಕಟಪಡಿಸಿದನು. ಬೆವರಿನ ಪ್ರತಿ ಲೀಟರಿನಲ್ಲಿಯೂ ಸುಮಾರು ಒಂದು ಗ್ರಾಮಿನಷ್ಟು ಸೋಡಿಯಂ ಹೊರಟುಹೋಗುತ್ತದೆ. ಒಬ್ಬೊಬ್ಬರಲ್ಲಿ ಇದು ಅರ್ಧದಷ್ಟೂ ಇದ್ದೀತು, ಎರಡರಷ್ಟೂ ಆದೀತು. ಹೋದದ್ದು ನೀರು ಮತ್ತು ಉಪ್ಪು ಎರಡೂ ಆದಮೇಲೆ ಬರಿಯ ನೀರನ್ನು ಮಾತ್ರ ತುಂಬುತ್ತ ಹೋದರೆ ರಕ್ತದ ಉಪ್ಪು ತೆಳುವಾಗುವುದು ಸಹಜವೇ. ಮಾಸನ ಲೇಖನವನ್ನು ಓದದ ನಮ್ಮ ರೈತಗಿತ್ತಿಯು ಅಂಬಲಿಗೆ ಉಪ್ಪನ್ನು ರುಚಿಗೆಂದೇ ಹಾಕಿದಳು. ಆದರೆ ಬೆವರಿದವನ ನಾಲಿಗೆಗೆ ಉಪ್ಪು ರುಚಿಯಾಗುವುದು ದೇಹಕ್ಕೆ ಅದು ಬೇಕಾದುದರಿಂದಲೇ ಅಲ್ಲವೆ?

1965ರಲ್ಲಿ ಫ್ಲಾರಿಡ ವಿಶ್ವವಿದ್ಯಾಲಯದ ವೈದ್ಯ ರಾಬರ್ಟ್ ಕೇಡ್ ಮತ್ತು ಅವರ ಸಂಗಡಿಗರು ಅಲ್ಲಿಯ ಫುಟ್‌ಬಾಲ್ ಆಟಗಾರರಿಗಾಗಿ ನೀರಿಗೆ ಉಪ್ಪನ್ನೂ ಸಕ್ಕರೆಯನ್ನೂ ಕೂಡಿಸಿ, ಬಾಯಿಗಿಡಲಾಗದಂತಿದ್ದ ಅದರ ರುಚಿಯನ್ನು ತಿದ್ದಲು ನಿಂಬೆರಸವನ್ನು ಹಿಂಡಿ, ಗೇಟೊರೇಡ್ ಎಂಬ ಪಾನೀಯವನ್ನು ಸಿದ್ಧಪಡಿಸಿದರು. ಇದರ ಮೂಲತತ್ತ್ವವು, ಎಂದರೆ ಸಣ್ಣ ಕರುಳಿನಲ್ಲಿ ಗ್ಲೂಕೋಸು ಸೋಡಿಯಮ್ಮನ್ನು ತನ್ನೊಡನೆ ಕರೆದೊಯ್ಯುವುದೆಂಬುದೂ ಅವೆರಡರ ಹಿಂದೆ ನೀರು ತಾನಾಗಿ ಸಾಗುವುದೆಂಬುದೂ, 1960ರ ವೇಳೆಗೆ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ಮಂಡಿಸಿದ ವಿಚಾರದಿಂದ ಸ್ಪಷ್ಟವಾಗತೊಡಗಿತ್ತು. ಆದರೆ ಆ ತತ್ತ್ವದ ಮಹತ್ತು ಬೆಳಗಿದ್ದು ಆಟದ ಬಯಲಿನಲ್ಲಲ್ಲ, 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತ ಶಿಬಿರದಲ್ಲಿ. ಕಾಲರಾದಿಂದ ಬಳಲುತ್ತಿದ್ದವರ ನಾಳಕ್ಕೆ ಏರಿಸಲು ದ್ರಾವಣವು ಸಾಲದೆಹೋದಾಗ, ಡಾಕ್ಟರ್ ದಿಲೀಪ್ ಮಹಾಲನಬೀಸರು ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಕರಗಿಸಿ ಬಾಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಪಾನಕಕ್ಕೆ ಒಂದು ಚಿಟಿಕೆ ಉಪ್ಪನ್ನು ಉದುರಿಸುವ ಮನೆಗಳು ನಮ್ಮಲ್ಲಿ ಉಂಟು. ಉಳಿದವರೂ ಅದನ್ನು ಅನುಸರಿಸಿದರೆ ರಾಮನಿಗೆ ಅಪ್ರಿಯವಾಗದು.

ಎಳನೀರಿನ ವಿಷಯದಲ್ಲಿ ನಮ್ಮವರ ಮೋಹವು ಕೊಂಚ ಅತಿಯಾಯಿತೆಂದು ನನ್ನ ಅಭಿಪ್ರಾಯ. ಅದರಲ್ಲಿ ಪೊಟ್ಯಾಸಿಯಂ ಯಥೇಷ್ಟವಾಗಿದೆ, ಸೋಡಿಯಂ ಸ್ವಲ್ಪವೇ. ಬೆವರಿನಲ್ಲಿ ಹೋಗುವ ಪ್ರಮಾಣವಾದರೋ ಇದಕ್ಕೆ ತಲೆಕೆಳಗು. ಜೊತೆಗೆ ಏನಾದರೂ ಉಪ್ಪಿನದನ್ನು ತಿಂದರೆ ದೋಷವು ಸರಿಹೋಗುತ್ತದೆ. ಗರಡಿಯ ಹಾಲಿಗೆ ಮಾತ್ರ ಅನಿರೀಕ್ಷಿತವಾದ ಮನ್ನಣೆಯು ದೊರೆಯಿತು: 2016ರಲ್ಲಿ ಬ್ರಿಟನ್ನಿನ ಸಂಶೋಧಕರು ನಾನಾ ಪಾನೀಯಗಳನ್ನು ಕುಡಿಸಿ, ಯಾವುದು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವುದೆಂದು ಅಳೆದು ನೋಡಿದಾಗ, ಬರಿಯ ನೀರಿಗಿಂತಲೂ ಕ್ರೀಡಾಪಾನೀಯಗಳಿಗಿಂತಲೂ ಹಾಲು ಮೇಲೆಂದು ಕಂಡುಬಂದಿತು, ಕಾಫಿ ಚಹಾಗಳು, ಲೋಕಾಪವಾದಕ್ಕೆ ವಿರುದ್ಧವಾಗಿ, ನೀರಿಗೆ ಸಮಾನವೆನಿಸಿದುವು.

ಗರಡಿಯ ಮತವನ್ನು ತೊರೆದ ಪಾಶ್ಚಾತ್ಯ ಕ್ರೀಡಾಲೋಕವು ಆಮೇಲೆ ಇನ್ನೊಂದು ತುದಿಗೆ ಹಾರಿತು. 1990ರ ದಶಕದಲ್ಲಿ, ಬಾಯಾರಿಕೆಗಾಗಿ ಕಾಯಬೇಡಿ, ಸಹಿಸಬಹುದಾದಷ್ಟೂ ಕುಡಿಯಿರಿ ಎಂಬ ಉಪದೇಶವು ಹಬ್ಬಿತು. ಫಲವಾಗಿ 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಅಪಾಯದ ಕಡೆಗೆ ಇಳಿದಿದ್ದಿತು. ಅಂದಿನಿಂದ ಬಹುಮಂದಿ ತಜ್ಞರು, ಸಾಧಾರಣ ಶ್ರಮಕ್ಕೆ ಬಾಯಾರಿಕೆಯೇ ಅಳತೆಗೋಲೆಂಬ ಕಡೆಗೆ ವಾಲುತ್ತಿದ್ದಾರೆ. ಅರವಟ್ಟಿಗೆಯವನು ಯಾರನ್ನೂ ತಡೆದು ನಿಲ್ಲಿಸಿ ಬಲವಂತವಾಗಿ ಕುಡಿಸಿದವನಲ್ಲ. ಬೊಗಸೆ ಒಡ್ಡಿದವನಿಗೆ ಎರೆದನು, ಬೊಗಸೆ ಹಿಂದೆಗೆದಾಗ ನಿಲ್ಲಿಸಿದನು.

ಇಂದು ಗರಡಿಗಳು ವಿರಳವಾಗಿವೆ, ಬೆಲ್ಲ ನೀರಿನ ಎಡೆಯನ್ನು ಕಾಫಿಯು ಆಕ್ರಮಿಸಿ ಬಹುಕಾಲವಾಯಿತು. ಗೋಲಿ ಸೋಡದ ಅಂಗಡಿಯವನು “ಸಿಹಿಯೋ, ಉಪ್ಪೋ?” ಎಂದು ಕೇಳುವಾಗ ಹಳೆಯ ಆಯ್ಕೆಯ ಸೊಲ್ಲು ಒಂದಿಷ್ಟು ಉಳಿದಿರುವಂತೆ ತೋರುತ್ತದೆ. ಹೈನಿನ ಮನೆಯವರು ನೆರೆಹೊರೆಯವರಿಗೆ ಹಾಗೆಯೇ ಕೊಡುತ್ತಿದ್ದ, ಮಾರುವುದು ಹೀನವೆಂದು ಎಷ್ಟೋ ಹಳ್ಳಿಗಳಲ್ಲಿ ಭಾವಿಸಿದ್ದ ಮಜ್ಜಿಗೆಯು ಈಗ ನಂದಿನಿಯ ಪೊಟ್ಟಣದಲ್ಲಿ ಬಸ್ ನಿಲ್ದಾಣಗಳಲ್ಲೆಲ್ಲ ದೊರೆಯುತ್ತದೆ. ಮಸಾಲೆಯೂ ಉಪ್ಪೂ ಅದರಲ್ಲಿ ಇರುವುದರಿಂದ ನನಗೆ ದೂರಿಲ್ಲ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ನೂರಾರು ಮೈಲಿ ನಡೆದುಹೋಗುವ ಮಲ್ಲಯ್ಯನ ಭಕ್ತರಿಗೂ, ಶಿವರಾತ್ರಿಗೆಂದು ಘಟ್ಟವಿಳಿದು ಧರ್ಮಸ್ಥಳಕ್ಕೆ ನಡೆಯುವವರಿಗೂ ದಾರಿಯ ಹಳ್ಳಿಗಳವರು ಇಂದಿಗೂ ಮಜ್ಜಿಗೆ, ಪಾನಕ, ಹಣ್ಣುಗಳನ್ನು ಕರೆಕರೆದು ಕೊಡುತ್ತಾರೆ. ಪಟ್ಟಣಗಳಲ್ಲಿ ಬೇಸಗೆಗೆಂದು ಸಂಘದವರು ಇಡುವ ಅರವಟ್ಟಿಗೆಗಳಲ್ಲಿ ಹರವಿಯ ಬದಲು ನಲ್ಲಿಯುಳ್ಳ ಉಕ್ಕಿನ ಪಾತ್ರೆಯು ಬಂದಿದೆ. ಹರವಿಯ ತಂಪು ಅದಕ್ಕಿಲ್ಲ, ಮಣ್ಣಿನ ವಾಸನೆಯೂ ಇಲ್ಲ; ಆದರೆ ನಲ್ಲಿಯನ್ನು ಕುಡಿಯುವವನು ತಾನೇ ತಿರುಗಿಸಿಕೊಳ್ಳುವುದರಿಂದ ಎರೆಯುವವನೆಂಬವನೂ, ಅವನ ಜಾತಿಯೆಂಬುದೂ, ಆ ಬಿದಿರಿನ ಸೀಳೂ ಅಲ್ಲಿಂದ ಕಾಲ್ತೆಗೆದುವು. ಎರಡನ್ನೂ ತೂಗಿ ನೋಡಿದರೆ ನನ್ನ ಮತವು ನಲ್ಲಿಗೇ.